ಟೇಕ್ ಪಾಠದ ಹುಣಿಸೇಬೀಜಗಳು

ಈಗಿನ ಮಕ್ಕಳಿಗೆ ಪ್ಲೇಗು ಎಂದರೆ ಪುಸ್ತಕದಲ್ಲಿ ಓದಿ ಮರೆಯುವ ಒಂದು ಪದ. ನಮ್ಮ ಕಾಲದ ಹೊಳೆನರಸೀಪುರದಲ್ಲಿ ಅದು ಮಳೆಗಾಲ, ಚಳಿಗಾಲದ ಹಾಗೆ ಒಂದು ಕಾಲವೇ ಆಗಿತ್ತು. ಅವರೆಕಾಯಿಯ ಸೊಗಡು ಬೀದಿಯಲ್ಲಿ ಹರಡುವ ಹೊತ್ತಿಗೆ ಯಾರದೋ ಮನೆಯ ಅಟ್ಟದಿಂದ ಇಲಿಯೊಂದು ಸತ್ತು ಬೀಳುತ್ತಿತ್ತು. ‘ಇಲಿ ಬಿತ್ತಂತೆ’ ಅಂದರೆ ಸಾಕು, ಬೀದಿಗೆ ಬೀದಿಯೇ ಗಂಟುಮೂಟೆ ಕಟ್ಟಿ ಊರಾಚೆ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ನನ್ನ ವಯಸ್ಸಿನವರು ಇದನ್ನು ಓದುತ್ತಿದ್ದರೆ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನಗಾಗ ಹನ್ನೆರಡು ವರ್ಷ. ಮಿಡ್ಲ್ ಸ್ಕೂಲಿನಲ್ಲಿದ್ದೆ. ನಮ್ಮ ಇಂಗ್ಲಿಷ್ ಮೇಷ್ಟ್ರು ವ್ಯಾಕರಣ ಗೀಕರಣ ಆಮೇಲೆ, ಮೊದಲು ಬಾಯಿಪಾಠ ಅನ್ನುವ ಆಸಾಮಿ. ‘ಟೇಕ್’ ಎಂಬ ಒಂದೇ ಕ್ರಿಯಾಪದಕ್ಕೆ ನಲವತ್ತು ಜೊತೆಗಾರರನ್ನು ಕಟ್ಟಿ, ಮಗ್ಗಿಯ ರಾಗದಲ್ಲಿ ಹೇಳಿಸುತ್ತಿದ್ದರು. “ಈ ಟೇಕ್‌ಗೆ ಸ್ವಂತ ಮನೆಯೇ ಇಲ್ಲ ಕಣ್ರೋ, ಯಾರ ಪಕ್ಕ ಕೂತರೆ ಅವರ ಮಾತಾಡುತ್ತೆ” ಅನ್ನುವರು. ಟೇಕ್ ರೆಸ್ಟ್, ದಣಿವಾರಿಸಿಕೊ. ಟೇಕ್ ಕೇರ್, ಜೋಪಾನ. ಟೇಕ್ ಆಫ್, ಕಳಚು. ಟೇಕ್ ಔಟ್, ಹೊರಗೆ ತೆಗೆ. ಟೇಕ್ ಆಫ್ಟರ್, ಹೋಲು. ಒಂದು ತಪ್ಪಿದರೆ ಬೆಂಚಿನ ಮೇಲೆ ನಿಲ್ಲಬೇಕು, ನಾನು ಎಷ್ಟೋ ಸಲ ನಿಂತಿದ್ದೆ.

ಮನೆಯಲ್ಲಿ ಪಾಠ ಒಪ್ಪಿಸಿಕೊಳ್ಳುತ್ತಿದ್ದವಳು ಅವ್ವ. ಅವಳಿಗೆ ಕನ್ನಡದ ಅಕ್ಷರವೇ ಬಾರದು, ಇನ್ನು ಇಂಗ್ಲಿಷೆಲ್ಲಿ! ಅದಕ್ಕೆ ಅವಳೇ ಒಂದು ಉಪಾಯ ಮಾಡಿಕೊಂಡಿದ್ದಳು. ಹುಣಿಸೆಹಣ್ಣು ಬಿಡಿಸುವಾಗ ನಲವತ್ತು ಬೀಜ ಎತ್ತಿಟ್ಟು, ನಾನು ಒಂದು ಹೇಳಿದರೆ ಒಂದು ಬೀಜವನ್ನು ಎಡಗಡೆಯಿಂದ ಬಲಗಡೆಗೆ ಸರಿಸುತ್ತಿದ್ದಳು. ಕೊನೆಗೆ ಎಡಗಡೆ ಬೀಜ ಉಳಿದರೆ ನಾನು ಯಾವುದನ್ನೋ ಬಿಟ್ಟಿದ್ದೇನೆ ಎಂದೇ ಅರ್ಥ.

“ಓಲು ಅಂದ್ಯಲ್ಲ, ನೀನ್ಯಾರನ್ನ ಓಲ್ತೀಯೇ?” ಎಂದು ಒಂದು ದಿನ ಕೇಳಿದಳು.

“ನಿನ್ನನ್ನೇ ಕಣವ್ವ.”

“ಅಯ್ಯೋ ನನ್ ಕರ್ಮವೇ, ಮೂಗಾದ್ರೂ ನಿಮ್ಮಪ್ಪಂದು ಬರ್ಬಾರ್ದಿತ್ತಾ!” ಎಂದು ನಕ್ಕಳು. ಬೀಜ ಸರಿಸುವುದನ್ನು ಮಾತ್ರ ಮರೆಯಲಿಲ್ಲ.

ಆ ವರ್ಷ ಇಲಿ ಬಿದ್ದದ್ದು ನಮ್ಮ ಮನೆಯ ಅಟ್ಟದಿಂದಲೇ. ಅಪ್ಪನದು ಕಿರಾಣಿ ಅಂಗಡಿ, ಸಾಮಾನು ಸಾಗಿಸಿ ಹೊಳೆಯಾಚೆ ಗುಡಿಸಲು ಹಾಕುವಷ್ಟರಲ್ಲಿ ದಿನ ಹಿಡಿಯುತ್ತಿತ್ತು. ನನ್ನನ್ನು ಹರದನಹಳ್ಳಿಗೆ, ಅವ್ವನ ತವರಿಗೆ ಕಳಿಸುವುದೆಂದಾಯಿತು. ಸೋದರಮಾವ ಗಾಡಿ ಕಟ್ಟಿಕೊಂಡು ಬಂದ. ಅವ್ವ ನನ್ನ ಪಾಠದ ಹಾಳೆಯನ್ನೂ ಬೀಜಗಳನ್ನೂ ಒಂದು ಬಟ್ಟೆಯಲ್ಲಿ ಗಂಟು ಹಾಕಿ ಮಡಿಲಿಗಿಟ್ಟಳು.

“ನಾನೂ ಬತ್ತೀನಿ ಕಣ್ ಮಗಾ. ಒಂದ್ ಬೀಜಾನೂ ಉಳೀದಂಗೆ ನೀನು ಪಾಠ ಒಪ್ಸಿದ್ ದಿನ ನಾನ್ ಅಲ್ಲಿರ್ತೀನಿ. ಅಳ್ಬ್ಯಾಡ, ಓಗು.”

ಹಳ್ಳಿಯೊಳಕ್ಕೆ ನನ್ನನ್ನು ಬಿಡಲಿಲ್ಲ. ಪ್ಲೇಗಿನ ಊರಿನವರು ಹತ್ತು ದಿನ ಹೊರಗಿರಬೇಕೆಂದು ಊರ ಗೌಡರ ಕಟ್ಟಪ್ಪಣೆ. “ಅಂಗಾದ್ರೆ ನಾನೂ ಕೂಸಿನ್ ಜೊತೆ ಒಲ್ದಲ್ಲೇ ಇರ್ತೀನಿ, ಆ ಗೌಡ ಏನ್ ಮಾಡ್ತಾನೋ ಮಾಡ್ಲಿ” ಎಂದು ಅಜ್ಜಿ ಚಾಪೆ, ಮಡಕೆ, ರಾಗಿಹಿಟ್ಟು ಹೊತ್ತುಕೊಂಡು ಹೊಲದ ಕಾವಲು ಗುಡಿಸಲಿಗೆ ಬಂದುಬಿಟ್ಟಳು.

ಆ ಗುಡಿಸಲಿನ ದಿನಗಳಷ್ಟು ಉದ್ದನೆಯ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಸುತ್ತ ಹುಚ್ಚೆಳ್ಳಿನ ಹಳದಿ ಹೂವು, ಮೇಲೆ ಬಿಳಿ ಆಕಾಶ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ಮಾವ ದಿನವೂ ಬಂದು ದೂರದ ಕಲ್ಲಿನ ಮೇಲೆ ಮಜ್ಜಿಗೆಯ ಚೆಂಬಿಟ್ಟು ಕೂಗಿ ಹೋಗುತ್ತಿದ್ದ. ಹಳ್ಳಿಯ ಹುಡುಗಿಯರು ಕೆರೆ ಏರಿಯ ಮೇಲೆ ನಿಂತು ನನ್ನನ್ನು ನೋಡುತ್ತಿದ್ದರು, ನಾನು ಎದ್ದು ಎರಡು ಹೆಜ್ಜೆ ಇಟ್ಟರೆ ಕಿರುಚಿಕೊಂಡು ಓಡುತ್ತಿದ್ದರು. ಒಬ್ಬಳೇ ಮನೆ ಗೀಚಿ, ಒಬ್ಬಳೇ ಬಿಲ್ಲೆ ಎಸೆದು, ಒಬ್ಬಳೇ ಕುಂಟುತ್ತಿದ್ದೆ. ಗೆದ್ದರೂ ನಾನೇ, ಸೋತರೂ ನಾನೇ, ಥೂ, ಅದೂ ಒಂದು ಆಟವೇ!

ಉಳಿದದ್ದು ಪಾಠವೊಂದೇ. ಒಂದು ಬೀಜವೂ ಉಳಿಯದ ದಿನ ಅವ್ವ ಬರುತ್ತಾಳೆಂದು ಅಜ್ಜಿಗೂ ಹೇಳಿದ್ದೆ. ಸಂಜೆ ಅಜ್ಜಿ ಕಾಲು ಚಾಚಿ ಕೂತು ಮಡಿಲಲ್ಲಿ ಬೀಜ ಸುರಿದುಕೊಳ್ಳುವಳು. “ಒಂದೇ ಮಾತ್ನ ನಲವತ್ ಸಲ ಯಾಕ್ ಯೋಳ್ತಾರವ್ವಾ ಆ ದೊರೆಗಳು, ಬ್ಯಾರೆ ಮಾತಿಲ್ವಾ ಅವರ್ತಾವ?” ಎಂದು ರೇಗಿಸುವಳು. ಮೊದಲ ದಿನ ಹನ್ನೊಂದು ಬೀಜ ಉಳಿದವು. ಆಮೇಲೆ ಏಳು, ನಾಲ್ಕು, ಎರಡು. ನಾನು ದಿನವಿಡೀ ಹುಚ್ಚೆಳ್ಳಿನ ಸಾಲಿನಲ್ಲಿ ಅರಚುತ್ತಾ ಓಡಾಡಿದೆ. ಆರನೆಯ ದಿನಕ್ಕೆ ಎಲ್ಲ ಬಾಯಿಗೆ ಬಂದಿತ್ತು. ಇವತ್ತು ಪಾಠ ಒಪ್ಪಿಸಿದರೆ ಅವ್ವ ಬರುತ್ತಾಳೆ ಎಂದು ತಲೆ ಬಾಚಿಸಿಕೊಂಡು ಕೂತೆ.

ಆ ದಿನವೇ ಮಾವ ಹೊತ್ತಲ್ಲದ ಹೊತ್ತಿನಲ್ಲಿ ಬಂದ. ಮಜ್ಜಿಗೆಯ ಚೆಂಬಿರಲಿಲ್ಲ. ಹೊಂಗೆ ಮರದ ಕೆಳಗೆ ನಿಂತು ಅಜ್ಜಿಯನ್ನು ಕರೆದ. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಅವನು ಹೋದಮೇಲೆ ಅಜ್ಜಿ ಬಾವಿಗೆ ಹೋಗಿ ಆ ಚಳಿಯಲ್ಲಿ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡು ಬಂದಳು. ಬಿಳಿ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಯಾಕಜ್ಜಿ ಈ ಹೊತ್ತಿನಲ್ಲಿ ತಲೆಗೆ ನೀರು?”

“ಉಲ್ಲಿನ ಸುಂಕು ತಾಕಿ ಮೈಯೆಲ್ಲಾ ಕಡೀತಿತ್ತು ಕಣ್ ಮಗಾ. ಎಲ್ಲಿ, ನಿನ್ ಪಾಠ ಯೋಳು.”

ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಎಡಗಡೆ ಒಂದು ಬೀಜ ಉಳಿದಿತ್ತು. “ಒಂದ್ ಬುಟ್ಬುಟ್ಟೆ ಕಣೆ” ಅಂದಳು ಅಜ್ಜಿ. ಮಾರನೆಯ ದಿನವೂ ಒಂದು, ಅದರ ಮಾರನೆಯ ದಿನವೂ ಒಂದು. ಹಾಳೆ ತೆಗೆದು ನೋಡಿದೆ, ಯಾವುದು ಬಿಟ್ಟೆನೋ ತಿಳಿಯದೆ ಅತ್ತುಬಿಟ್ಟೆ, ಅಜ್ಜಿಯ ಮೇಲೆ ಸಿಟ್ಟು ಮಾಡಿ ಮುದ್ದೆ ಬಿಟ್ಟೆ. ಹತ್ತು ದಿನ ಕಳೆಯಿತು, ಗೌಡರ ಗಡುವೂ ಮುಗಿಯಿತು. ಆದರೂ ಊರೊಳಕ್ಕೆ ಹೋಗುವ ಮಾತೇ ಇಲ್ಲ. ಕೇಳಿದರೆ, “ಪಾಠ ಮುಗೀಲಿ, ಓಗಾನ” ಅನ್ನುವಳು.

ಹದಿಮೂರನೆಯ ದಿನ ಅಜ್ಜಿ ನೀರಿಗೆ ಹೋದಾಗ ಗಂಟು ಬಿಚ್ಚಿ ಬೀಜಗಳನ್ನೇ ಎಣಿಸಿದೆ. ನಲವತ್ತೊಂದು! ಮತ್ತೆ ಎಣಿಸಿದೆ, ನಲವತ್ತೊಂದೇ. ನನಗೆ ಕುಣಿಯುವಷ್ಟು ಖುಷಿಯಾಯಿತು. ತಪ್ಪು ನನ್ನದಲ್ಲ, ಮುದುಕಿಗೆ ಲೆಕ್ಕ ತಪ್ಪಿದೆ ಎಂದುಕೊಂಡು ಒಂದನ್ನು ತೆಗೆದು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡೆ.

ಸಂಜೆ ಪಾಠ ಒಪ್ಪಿಸಿದೆ. ನಲವತ್ತನೆಯದು ಟೇಕ್ ಲೀವ್, ಹೋಗಿ ಬರುತ್ತೇನೆ ಅನ್ನು. ಕೊನೆಯ ಬೀಜ ಬಲಕ್ಕೆ ಸರಿಯಿತು. “ಮುಗೀತಜ್ಜಿ! ಅವ್ವ ಬರ್ತಾಳೆ!” ಎಂದು ಚಪ್ಪಾಳೆ ತಟ್ಟಲು ಹೋದೆ, ಮುಷ್ಟಿ ಬಿಚ್ಚುವಂತಿರಲಿಲ್ಲ.

ಅಜ್ಜಿ ಮಡಿಲು ಕೊಡವಿದಳು. ಸೆರಗು ಕೊಡವಿದಳು. ಚಾಪೆ ಎತ್ತಿ ನೆಲವನ್ನೆಲ್ಲ ಕೈಯಲ್ಲಿ ತಡವಿದಳು. “ಇನ್ನೊಂದಿತ್ತು ಕಣ್ ಮಗಾ. ಇಲ್ಲೇ ಇತ್ತು. ಇನ್ನೊಂದಿತ್ತು.” ನನಗೆ ಅಯ್ಯೋ ಅನ್ನಿಸಿ ಮುಷ್ಟಿ ಬಿಚ್ಚಿ ತೋರಿಸಿದೆ. “ಇದು ಹೆಚ್ಚಿಗೆ ಇತ್ತಜ್ಜಿ. ನೀನೇ ತಪ್ಪಾಗಿ ಹಾಕಿದ್ದೆ.”

ಅಜ್ಜಿ ಆ ಬೀಜವನ್ನು ನೋಡಿದಳು. ಆಮೇಲೆ ನನ್ನನ್ನು ಸೆಳೆದು ಎದೆಗೆ ಅವುಚಿಕೊಂಡು, ಏಳು ದಿನದಿಂದ ಹಿಡಿದಿಟ್ಟದ್ದನ್ನೆಲ್ಲ ಒಮ್ಮೆಗೇ ಬಿಟ್ಟು ಅತ್ತಳು. “ನಿಮ್ಮವ್ವ ಬರಾಕಿಲ್ಲ ಕಣ್ ಕೂಸೇ. ಓಗ್ಬುಟ್ಲು ನನ್ ಮಗ್ಳು.” ಅವ್ವನಿಗೆ ಕಂಕುಳಲ್ಲಿ ಗಡ್ಡೆ ಎದ್ದು ಮೂರೇ ದಿನ. ಹೊಳೆಯಾಚೆಯ ಗುಡಿಸಲಿನಲ್ಲೇ ಜೀವ ಹೋಗಿತ್ತು. ಅಂತ್ಯಕ್ರಿಯೆಗೆ ಅಪ್ಪನ ಜೊತೆ ನಾಲ್ಕು ಜನವೂ ಇರಲಿಲ್ಲವಂತೆ.

ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಆ ಹೊಲದಲ್ಲಿ ಗುಡಿಸಲಿಲ್ಲ, ಹುಚ್ಚೆಳ್ಳು ಬಿತ್ತುವವರೂ ಇಲ್ಲ. ನಾನು ಹಾಸನದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಮೇಡಮ್ಮು ಅನ್ನಿಸಿಕೊಂಡು, ಟೇಕ್ ಪಾಠವನ್ನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟೆನೋ ಏನೋ. ದೊಡ್ಡ ನಿಘಂಟು ತೆರೆದು ನೋಡಿದರೆ ಅದಕ್ಕೆ ನಲವತ್ತಲ್ಲ, ಅದರ ಎಷ್ಟೋ ಪಟ್ಟು ಜೊತೆಗಾರರಿದ್ದಾರೆ. ಒಂದು ಬಿಟ್ಟೆ ಕಣೆ ಅಂದ ಅಜ್ಜಿಯದೇ ಸರಿ. ಅವ್ವನನ್ನು ಹೋಲುತ್ತೇನೆ ಅಂದಿದ್ದೆನಲ್ಲ, ಈಗ ಕನ್ನಡಿಯಲ್ಲಿ ಹುಡುಕಿದರೆ ಅವಳು ಎಂದೂ ಕಾಣದ ಮುಪ್ಪು ಕಾಣಿಸುತ್ತದೆ. ಅವಳ ದನಿಯೂ ಮರೆತುಹೋಗಿದೆ, ಬೀಜ ಸರಿಯುವ ಸದ್ದೊಂದು ಉಳಿದಿದೆ.

ಜಾಣೆ ಎಂದು ಬೀಗಿಕೊಂಡು ಅವತ್ತು ಆ ಬೀಜ ಎಣಿಸಬಾರದಿತ್ತು ನಾನು. ಎಣಿಸದೆ ಇದ್ದಿದ್ದರೆ ನನ್ನವ್ವ ಇನ್ನೊಂದು ವಾರವಾದರೂ ಬದುಕಿರುತ್ತಿದ್ದಳು.