ಹೆಸರಿಲ್ಲದ ತಾಟು

ಮೊನ್ನೆ ಸೊಸೆ ಅಟ್ಟದ ಹಳೆಯ ಪಾತ್ರೆಗಳನ್ನೆಲ್ಲ ಇಳಿಸಿ, ಅಂಗಡಿಗೆ ಕೊಟ್ಟು ಹೊಸ ಕುಕ್ಕರ್ ತರಲು ಹೊರಟಿದ್ದಳು. ಅದರಲ್ಲಿ ಎರಡು ಸ್ಟೀಲ್ ತಾಟುಗಳಿದ್ದವು. ಒಂದರ ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆದ ಕನ್ನಡ ಅಕ್ಷರಗಳು, ಇನ್ನೊಂದು ಖಾಲಿ. ಖಾಲಿಯದನ್ನು ತಿರುಗಿಸಿ ನೋಡಿ, "ಇದರ ಮ್ಯಾಲ ಹೆಸರೇ ಇಲ್ಲಲ್ರಿ ಅತ್ತಿ, ಯಾರದಿದು?" ಎಂದಳು. ಸಂಭಾಜಿನಗರದ ಅಡುಗೆಮನೆಯಲ್ಲಿದ್ದವಳು ನಾಸಿಕದ ಪಂಚವಟಿಗೆ ಹೋಗಿಬಿಟ್ಟೆ...

ಅರವತ್ತರ ದಶಕದ ಕೊನೆ, ನನಗೆ ಹತ್ತು ವರ್ಷ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಪಂಚವಟಿಯ ತವರಿಗೆ ಬಂದಿದ್ದಳು. ಅಜ್ಜಿ, ಮೂವರು ಸೋದರಮಾವಂದಿರು, ಅವರ ಹೆಂಡತಿ ಮಕ್ಕಳು ಸೇರಿ ಹತ್ತೊಂಬತ್ತು ಜನ. ಎಲ್ಲರೂ ಮಾತಾಡುವವರೇ, ಕೇಳುವವರು ಒಬ್ಬರೂ ಇಲ್ಲ. ಅವ್ವನಿಗೆ ಉಡಕಿ ಮಾಡಿ, ಅಂದರೆ ಮರುಮದುವೆ ಮಾಡಿ, ಅಂಥ ಮನೆಗೆ ಅವಳ ಹೊಸ ಗಂಡನನ್ನು ತಂದರು. ಬೀದರ ಕಡೆಯವರು, ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಕ್ವಾರ್ಟರ್ಸ್ ಸಿಗುವ ತನಕ ನಮ್ಮಲ್ಲೇ ಇದ್ದರು. ನಾನು ಕಾಕಾ ಎನ್ನುತ್ತಿದ್ದೆ, ಅದೂ ಕರೆಯದೆ ಗತಿಯಿಲ್ಲದಾಗ.

ಕೆಲಸದಿಂದ ಬಂದು ಕಂಬಕ್ಕೆ ಒರಗಿ ಕೂತರೆ ಮುಗಿಯಿತು. ಮಾತಾಡಿಸಿದರೆ ಒಂದು "ಹೂಂ". ಊಟಕ್ಕೆ ತಾಟು ಸಾಲದಿದ್ದರೆ ಯಾರದಾದರೂ ಖಾಲಿಯಾಗುವ ತನಕ ಕಾಯುತ್ತಿದ್ದರು, ಕೇಳುತ್ತಿರಲಿಲ್ಲ. "ನಮ್ಮ ಅಳಿಯನ ಬಾಯಿಗಿ ಯಾರೋ ಕಾರ್ಖಾನಿ ರಿವೆಟ್ ಮೊಳಿ ಹೊಡದಾರ" ಎಂದು ದೊಡ್ಡ ಮಾವ ಎಲ್ಲರೆದುರು ನಗುತ್ತಿದ್ದ. ಕಾಕಾ ತಾವೂ ಸ್ವಲ್ಪ ನಕ್ಕು ತಲೆ ತಗ್ಗಿಸುತ್ತಿದ್ದರು.

ಮನೆಯಲ್ಲಿ ನನ್ನನ್ನೂ ಸೇರಿಸಿ ಮೂವರು ಹುಡುಗಿಯರಿಗೆ ಮುತ್ತಜ್ಜಿಯ ಹೆಸರನ್ನೇ ಇಟ್ಟಿದ್ದರು. ಅಪ್ಪನ ಹೆಸರು ಸೇರಿಸಿ ಕರೆದರೇ ಯಾರು ಯಾರೆಂದು ತಿಳಿಯುತ್ತಿತ್ತು. ಅಪ್ಪನದೆಂದು ನನಗೆ ಉಳಿದಿದ್ದು ಆ ಹೆಸರೊಂದೇ, ಒಂದು ಫೋಟೋ ಕೂಡ ಇರಲಿಲ್ಲ. ಹೊಸ ಶಾಲೆಯ ಫಾರ್ಮ್ ತುಂಬುವಾಗ ದೊಡ್ಡ ಮಾವ ಅಪ್ಪನ ಹೆಸರಿನ ಜಾಗದಲ್ಲಿ ಕಾಕಾರ ಹೆಸರು ಬರೆದ. ಅದೇ ವಾರ ಅಜ್ಜಿ ತಂದ ಹೊಸ ತಾಟುಗಳಿಗೆ ಕೊರೆಯಬೇಕಾದ ಹೆಸರುಗಳ ಯಾದಿಯಲ್ಲೂ ಹಾಗೇ ಬರೆದ. ನಾನು ಹೊಟ್ಟೆನೋವೆಂದು ಊಟ ಬಿಟ್ಟೆ. ಕಾಕಾರ ಮೇಲೆ ಎಂಥ ಸಿಟ್ಟು ಬಂದಿತ್ತು...

ಬಜಾರಿನಲ್ಲಿ ಹೆಸರು ಕೊರೆಯುವವನಿಗೆ ಕನ್ನಡ ಬರದು, ಅಜ್ಜಿಗೆ ಕನ್ನಡವೇ ಆಗಬೇಕು. ಹೀಗಾಗಿ ಕೆಲಸ ಕಾಕಾರ ಪಾಲಿಗೆ ಬಂತು. ಆ ಮನೆ ಅವರನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ. ರವಿವಾರವಿಡೀ ಪಡಸಾಲೆಯಲ್ಲಿ ಕೂತು ಸಣ್ಣ ಉಳಿಯಿಂದ ಟಕಟಕ ಕುಟ್ಟಿದರು. ಸಂಜೆ ತಾಟು ಹಂಚುವಾಗ ದೊಡ್ಡ ಮಾವ ನನ್ನದನ್ನು ಇಸಿದುಕೊಂಡು ನೋಡಿದ. ನನ್ನ ಹೆಸರು, ಪಕ್ಕದಲ್ಲಿ ನನ್ನ ಅಪ್ಪನ ಹೆಸರು.

"ಯಾದಿ ನೋಡಿಲ್ಲೇನ್ರಿ? ತಪ್ಪ ಕೊರದೀರಿ!"

"ತಪ್ಪ ಕೊರದಿಲ್ರಿ." ಕಾಕಾ ಈ ಸಲ ತಲೆ ತಗ್ಗಿಸಲಿಲ್ಲ. "ಸ್ಟೀಲಿನ ಮ್ಯಾಲಿಂದು ಇನ್ನ ಅಳಸ್ಲಿಕ್ಕ ಬರಲ್ಲ. ಫಾರ್ಮ ಬ್ಯಾರೆ ತುಂಬ್ರಿ."

ಆ ಮನೆಯಲ್ಲಿ ಹತ್ತೊಂಬತ್ತು ಜನ ಒಟ್ಟಿಗೆ ಸುಮ್ಮನಾಗಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಕೊನೆಗೆ ಅಜ್ಜಿ, "ಎಲ್ಲಾರದೂ ಆತು, ನಿಮ್ಮ ತಾಟ ಎಲ್ಲದರಿ?" ಎಂದು ಕೇಳಿದಳು. ಆಗಲೇ ಎಲ್ಲರಿಗೂ ಹೊಳೆದಿದ್ದು, ಯಾದಿಯಲ್ಲಿ ಅವರನ್ನೇ ಬಿಟ್ಟಿದ್ದರು. ಕಾಕಾ ಉಳಿದಿದ್ದ ಖಾಲಿ ತಾಟು ಎತ್ತಿಕೊಂಡು, "ಹೆಸರಿಲ್ಲದ್ದು ನಂದಂತ ಎಲ್ಲಾರಿಗಿ ಗೊತ್ತಾಗ್ತದಲ್ರಿ" ಎಂದರು. ಮನೆ ಗೊಳ್ಳೆಂದಿತು. ದೊಡ್ಡ ಮಾವನೇ ಹೆಚ್ಚು ನಕ್ಕ, ನಕ್ಕು ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಮರುದಿನ ಫಾರ್ಮ್ ಬೇರೆ ತುಂಬಿದ.

ಆಗಿನ್ನೂ ಔರಂಗಾಬಾದ್ ಆಗಿದ್ದ ಈ ಊರಿಗೆ ನನ್ನನ್ನು ಕೊಟ್ಟಾಗ ಲಗ್ನಪತ್ರಿಕೆಯಲ್ಲೂ ಅವರು ಅಪ್ಪನ ಹೆಸರನ್ನೇ ಹಾಕಿಸಿದರು. ಖರ್ಚು, ಓಡಾಟ, ಕಣ್ಣೀರು ಮಾತ್ರ ಅವರದು. ಅವರು ಹೋದ ಮೇಲೆ ನಾನು ಕೇಳಿ ತಂದದ್ದು ಈ ಖಾಲಿ ತಾಟೊಂದನ್ನೇ.

"ನಮ್ಮ ಅಪ್ಪಂದು" ಎಂದೆ ಸೊಸೆಗೆ.

ಅವಳು ಮತ್ತೊಂದು ತಾಟನ್ನು ಎತ್ತಿ ತೋರಿಸಿದಳು. "ಅಪ್ಪನ ಹೆಸರು ಇದರ ಮ್ಯಾಲ ಅದಲ್ರಿ?"

"ಅದೂ ಅಪ್ಪಂದೇ, ಇದೂ ಅಪ್ಪಂದೇ."

ಕಾಕಾ ಇದ್ದಾಗ ಈ ಅಪ್ಪ ಎಂಬ ಮಾತನ್ನು ಅವರಿಗೆ ಕೇಳುವಂತೆ ಒಮ್ಮೆಯೂ ಅನ್ನಲಿಲ್ಲ. ರಿವೆಟ್ ಹೊಡೆದಿದ್ದು ನನ್ನ ಬಾಯಿಗೇ.