ಇದು ಪಂಚಾಂಗವಲ್ಲ, ಪುಸ್ತಕ

ನಗಬಾರದ ಕಡೆ ನಕ್ಕು ಕೂತಿದ್ದೇನೆ. ಅದೂ ಕುರಿ ಸಾಕಿ ಬದುಕುವ ಒಬ್ಬ ಹೆಂಗಸಿನ ಮುಂದೆ. ನಕ್ಕು ಒಂದು ತಿಂಗಳಾದ ಮೇಲೆ ಗೊತ್ತಾಯಿತು, ಆ ಹೊತ್ತು ಆ ಕೋಣೆಯಲ್ಲಿ ಬುದ್ಧಿ ಇದ್ದದ್ದು ಅವಳೊಬ್ಬಳಿಗೇ ಎಂದು.

ಗೋಕಾಕದ ನಮ್ಮ ವಾಚನಾಲಯ ನಿಮಗೆ ಗೊತ್ತು. ಎರಡು ಕಪಾಟು, ಒಂದು ಉದ್ದ ಮೇಜು, ನಾಲ್ಕು ದಿನ ತಡವಾಗಿ ಬರುವ ಪತ್ರಿಕೆಗಳು. ನಾನು ಅದರ ಸೆಕ್ರೆಟರಿ. ವಕೀಲಿ ಕೆಲಸ ಇಲ್ಲದ ಹೊತ್ತಿನಲ್ಲಿ (ಅಂದರೆ ಹೆಚ್ಚು ಕಡಿಮೆ ಯಾವಾಗಲೂ) ಅಲ್ಲೇ ಇರುತ್ತೇನೆ.

ಎರಡು ತಿಂಗಳ ಹಿಂದೆ ಮೂಡಲಗಿಯಿಂದ ಬಾಳವ್ವ ಬಂದಳು. ಗಂಡ ತೀರಿಕೊಂಡಿದ್ದಾನೆ. ಮೈದುನನ ಜೊತೆ ಕುರಿ ನೋಡಿಕೊಂಡು ಇದ್ದಾಳೆ. ಜೊತೆಗೆ ಮಗಳು ನೀಲವ್ವ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಆ ಮನೆತನದಲ್ಲಿ ಅಕ್ಷರ ಕಲಿತವಳು ಅವಳೇ ಮೊದಲು. ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜು ಸೇರಿ ಸಾಲಿಯ ಬಾಯಿ (ಶಿಕ್ಷಕಿ) ಆಗಬೇಕೆಂದು ಹುಡುಗಿಯ ಹಟ. ಅವಳಿಗೆ ಹದಿನಾರು ತುಂಬಿದೆ. ಹದಿನಾರಕ್ಕೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ? ಕೇಳಬೇಕಾದದ್ದು ಇಷ್ಟೇ. ಇಲ್ಲವೆಂದರೆ ಈ ವರ್ಷವೇ ಲಗ್ನ ಮಾಡಿಬಿಡುತ್ತೇನೆ ಎಂದು ಮೈದುನ ತುದಿಗಾಲ ಮೇಲೆ ನಿಂತಿದ್ದ.

ರಜೆಗೆ ಬಂದಿದ್ದ ನನ್ನ ಸೋದರಳಿಯ ಗುರುಪಾದ ಮೇಜಿನ ಹತ್ತಿರವೇ ಕೂತಿದ್ದ. ಜೂನಿಯರ್ ಬಿ.ಎ. ಕೋಟಿನ ಕಿಸೆಯಲ್ಲಿ ಎರಡು ಪೆನ್ನು (ಒಂದರಲ್ಲಿ ಶಾಯಿ ಇರುವುದಿಲ್ಲ). ಕಾಲೇಜಿನವನೇ ಇದ್ದಾನಲ್ಲ, ನೋಡಿ ಹೇಳುತ್ತಾನೆ ಎಂದು ನಾನು ಎದೆಯುಬ್ಬಿಸಿ ಹೇಳಿದೆ.

ಅವನು ಗಂಭೀರವಾಗಿ ಎದ್ದು ಕಪಾಟು ತೆಗೆದು ಶಿಕ್ಷಣ ಖಾತೆಯ ನಿಯಮಗಳ ಪುಸ್ತಕ ತಂದ. ಕೆಂಪು ಕ್ಯಾಲಿಕೋ ಬೈಂಡು, ಬೆನ್ನ ಮೇಲೆ ಬಂಗಾರದ ಇಂಗ್ಲಿಷ್ ಅಕ್ಷರ. ಕೊನೆಯಲ್ಲಿ ಇಂಡೆಕ್ಸ್ ಎಂಬುದೊಂದು ಇರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಮೊದಲ ಪುಟದಿಂದ ಮಗುಚುತ್ತ ಹೊರಟ. ಅಂತೂ ಸಿಕ್ಕಿತು. ಹದಿನೆಂಟು ತುಂಬಿರಬೇಕು ಎಂದು ತೀರ್ಪು ಕೊಟ್ಟ. ನೀಲವ್ವ ತಲೆ ತಗ್ಗಿಸಿದಳು.

ಬಾಳವ್ವ ಮಾತ್ರ ಆ ಕೆಂಪು ಪುಸ್ತಕವನ್ನೇ ನೋಡುತ್ತ ನಿಂತಿದ್ದಳು.

“ಇದು ಯಾ ವರ್ಷದ್ದರಿ, ಯಪ್ಪಾ?” ಎಂದಳು.

ಗುರುಪಾದ ನಕ್ಕ. “ಇದು ಪಂಚಾಂಗ ಅಲ್ಲಬೇ, ಪುಸ್ತಕ ಐತಿ.”

ನಾನೂ ನಕ್ಕೆ. ತಾಯಿ ಮಗಳು ಹೊರಟುಹೋದರು.

ಈಗ ನೀವೇ ಹೇಳಿ, ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ನಮ್ಮ ಕಡೆ ಮುಹೂರ್ತ ಕೇಳಲು ಹೋದ ಯಾವ ಹೆಬ್ಬೆಟ್ಟಿನವನಾದರೂ ಮೊದಲು ನೋಡುವುದು ಏನನ್ನು? ಅಯ್ಯನವರ ಕೈಯಲ್ಲಿರುವುದು ಈ ಸಂವತ್ಸರದ್ದೋ ಹೋದದ್ದರದೋ ಎಂಬುದನ್ನು. ಯುಗಾದಿ ದಾಟಿತೆಂದರೆ ಹಳೆಯ ಪಂಚಾಂಗ ಅಟ್ಟ ಸೇರುತ್ತದೆ. ಅಚ್ಚಾದ ಮಾತಿಗೂ ವಯಸ್ಸಾಗುತ್ತದೆ ಎಂಬುದು ಬಾಳವ್ವನಿಗೆ ಗೊತ್ತು. ಬಿ.ಎ. ಓದುವವನಿಗೆ ಗೊತ್ತಿಲ್ಲ. ವಕೀಲನಿಗೂ ನೆನಪಾಗಲಿಲ್ಲ.

ತಿಂಗಳ ನಂತರ ಗೆದ್ದಲು ಹತ್ತಿತೆಂದು ಕಪಾಟು ಖಾಲಿ ಮಾಡಿಸಿದೆ. ಕೆಂಪು ಪುಸ್ತಕದ ಬಾಜೂಕ್ಕೇ ಒಂದು ತೆಳ್ಳನೆಯ ಪುಸ್ತಿಕೆ. ಯುದ್ಧ ಬಂದು ಕಾಗದ ಸಿಗದಂತಾದ ಮೇಲೆ ಸರಕಾರದ ನಿಯಮಗಳೆಲ್ಲ ಹೀಗೆ ಹಪ್ಪಳದ ಹಾಗೆ ಬರುತ್ತಿವೆ. ತೆರೆದು ನೋಡಿದೆ. ಈ ವರ್ಷದ್ದು, ಕನ್ನಡದಲ್ಲಿ. ಟ್ರೇನಿಂಗ್ ಕಾಲೇಜು ಸೇರಲು ಹದಿನಾರು ತುಂಬಿದ್ದರೆ ಸಾಕು. ಅರ್ಜಿಯ ಕೊನೆಯ ದಿನ ದಾಟಿ ಎಂಟು ದಿನ ಆಗಿತ್ತು. ಕೆಂಪು ಪುಸ್ತಕದ ಮೊದಲ ಪುಟ ನೋಡಿದರೆ, ಅದು ನಾನು ವಕೀಲಿ ಶುರುಮಾಡುವುದಕ್ಕೂ ಮುಂಚಿನದು.

ಪುಸ್ತಿಕೆ ಬಂದದ್ದು ಸೆಕ್ರೆಟರಿಯಾದ ನನಗೇ ಗೊತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳದೆ ಅಳಿಯನನ್ನು ಬೈದರೆ ನಾನು ಅವನಿಗಿಂತ ದೊಡ್ಡ ಕಳ್ಳ. ಒಪ್ಪಿಕೊಂಡಿದ್ದೇನೆ. ಇನ್ನು ಬೈಯಬಹುದಲ್ಲ?

ಗುರುಪಾದನನ್ನು ಕರೆದು ಕೇಳಿದೆ, ಇದು ಅಂದು ನಿನ್ನ ಕಣ್ಣಿಗೆ ಬೀಳಲಿಲ್ಲವೇನೋ ಎಂದು. ಬಿದ್ದಿತ್ತಂತೆ.

“ಸಣ್ಣದಿತ್ತು ಮಾಮಾ. ಬೈಂಡ್ ಇರಲಿಲ್ಲ. ಅದೂ ಕನ್ನಡದಾಗ” ಎಂದ.

ಇಂಥ ತಲೆ ಎಲ್ಲಿ ತಯಾರಾಗುತ್ತದೆ ಎಂದು ನೋಡುವ ಆಸೆಯಾಯಿತು. ಕೋರ್ಟಿನ ನೆಪ ಮಾಡಿಕೊಂಡು ಅವನ ಕಾಲೇಜಿಗೇ ಹೋದೆ. (ಹೆಸರು ಬರೆಯುವುದಿಲ್ಲ. ಬರೆದರೆ ಉಳಿದ ಕಾಲೇಜಿನವರು ತಾವು ಪಾರಾದೆವೆಂದು ತಿಳಿದಾರು.)

ಲಾಯಬ್ರರಿ ಎಂದರೆ ದೊಡ್ಡ ಹಾಲು. ಬಾಗಿಲಿಗೆ ತಂತಿಜಾಲರಿಯ ಒಂದು ಕಿಂಡಿ. ವಿದ್ಯಾರ್ಥಿ ಹೊರಗೆ ನಿಲ್ಲಬೇಕು, ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಒಳಗೆ ತೂರಬೇಕು. ಸಿಪಾಯಿ ಒಂದು ಪುಸ್ತಕ ತಂದು ಹೊರಗೆ ತೂರುತ್ತಾನೆ. ಮುಗಿಯಿತು. ಮೂರು ವರ್ಷ ಓದಿದರೂ ಹುಡುಗರು ಒಂದು ಕಪಾಟಿನ ಮುಂದೆ ನಿಂತು ಎರಡು ಪುಸ್ತಕಗಳಲ್ಲಿ ಒಂದನ್ನು ತಾವೇ ಆರಿಸಿದ್ದಿಲ್ಲ. ಕಿಂಡಿಯಿಂದ ಬಂದದ್ದೇ ವೇದವಾಕ್ಯ. ಜೈಲಿನಲ್ಲಿ ಊಟ ಕೊಡುವುದೂ ಹೀಗೆಯೇ, ಆದರೆ ಅಲ್ಲಿ ಯಾರೂ ಪದವಿ ಕೊಡುವುದಿಲ್ಲ.

ಲಾಯಬ್ರರಿಯನ್ ಸಾಹೇಬರು ನನ್ನನ್ನು ಆದರದಿಂದ ಒಳಗೆ ಕರೆದರು. (ಗೋಕಾಕದ ಕರದಂಟು ಒಯ್ದಿದ್ದೆ. ಅದನ್ನು ಮಾತ್ರ ಚೀಟಿ ಕೇಳದೆ ತೆಗೆದುಕೊಂಡರು.) ತಾವು ಬಂದಾಗಿನಿಂದ ಒಂದೇ ಒಂದು ಪುಸ್ತಕ ಕಳೆದಿಲ್ಲ ಎಂದು ಕೀಲಿಗೊಂಚಲು ಅಲುಗಿಸಿ ಹೇಳಿದರು. ನಾನು ಇತಿಹಾಸದ ಕಪಾಟಿನಿಂದ ಒಂದನ್ನು ತೆಗೆದೆ. ಪುಟಗಳು ಇನ್ನೂ ಅಂಟಿಕೊಂಡೇ ಇದ್ದವು. ಅಚ್ಚಿನ ಮನೆಯಿಂದ ಬಂದ ಮೇಲೆ ಚಾಕು ಹಾಕಿ ಅಂಚು ಬಿಡಿಸಿದವರೇ ಇಲ್ಲ. ಓದದ ಪುಸ್ತಕ ಕಳೆಯುವುದಾದರೂ ಹೇಗೆ?

ಇತಿಹಾಸದ ಪ್ರೊಫೆಸರರನ್ನೂ ಕಂಡೆ. ವಾರಕ್ಕೆ ಒಂದು ತಾಸು ಹುಡುಗರನ್ನು ಒಳಗೆ ಬಿಡಿ ಎಂದೆ. ಒಂದೇ ವಿಷಯಕ್ಕೆ ಒಂದಕ್ಕೊಂದು ಹೊಂದದ ಎರಡು ಪುಸ್ತಕ ಮುಂದಿಡಿ, ಯಾವುದನ್ನು ನಂಬುತ್ತೀ, ಯಾಕೆ ಎಂದು ಕೇಳಿ ಎಂದೆ. ಬರೆದವನಾರು, ಅವನಿಗೆ ಹೇಗೆ ಗೊತ್ತಾಯಿತು, ಆಮೇಲೆ ಬೇರೆ ಯಾರಾದರೂ ಬೇರೆ ಹೇಳಿದ್ದಾರೆಯೇ ಎಂದು ಹುಡುಕಲು ಕಲಿಸಿ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ಪುಸ್ತಕ ಹುಡುಕುವುದು ಸಿಪಾಯಿಯ ಕೆಲಸವಂತೆ. ಎರಡು ಪುಸ್ತಕ ಮುಂದಿಟ್ಟರೆ ಹುಡುಗರಿಗೆ ಗೊಂದಲ ಆಗುತ್ತದಂತೆ. ಎಲ್ಲಕ್ಕೂ ಮಿಗಿಲಾಗಿ, ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲವಂತೆ. ನಿಜ. ಪರೀಕ್ಷೆಯಲ್ಲಿ ಕೇಳುವುದಿಲ್ಲ. ಮೂಡಲಗಿಯವರು ಕೇಳುತ್ತಾರೆ.

ಹೋದ ಐತವಾರ ಪುಸ್ತಿಕೆ ಹಿಡಿದುಕೊಂಡು ಬಾಳವ್ವನ ಮನೆಗೆ ಹೋದೆ. ಅಂಗಳದಲ್ಲಿ ಮೈದುನ ಉಣ್ಣೆಯ ಹುರಿ ಮಾಡುತ್ತಿದ್ದ. ತಪ್ಪಾಯಿತೆಂದು ಎಲ್ಲವನ್ನೂ ಹೇಳಿದೆ. ಬಾಳವ್ವ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ನಾ ಅವತ್ತ ಕೇಳಿದ್ನಲ್ರಿ. ನೀವು ನಕ್ರಿ” ಎಂದಳು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವರ್ಷ ಅರ್ಜಿ ಹಾಕೋಣ ಎಂದೆ. ಮೈದುನ ತಲೆ ಎತ್ತದೆ ಹೇಳಿದ, ಹುಕ್ಕೇರಿ ತಾಲೂಕಿನ ಘೋಡಗೇರಿಗೆ ಹೆಣ್ಣು ಕೊಡುವುದು ಠರಾವು ಆಗಿದೆ, ಮಾತು ಮುಗಿದಿದೆ ಎಂದು.

ಆಗ ನೀಲವ್ವ ಬಾಗಿಲಿನಿಂದ ಕೇಳಿದಳು. “ಲಗ್ನ ಆದವರನ್ನ ತೊಗೊಂತಾರೇನ್ರಿ?”

ಇಲ್ಲ ಎಂದು ಬಾಯಿ ತೆರೆದಿದ್ದೆ. ಅಭ್ಯಾಸ ನೋಡಿ. ಪುಣ್ಯಕ್ಕೆ ತಡೆದುಕೊಂಡೆ. ನನಗೆ ಗೊತ್ತಿಲ್ಲ, ನೋಡೋಣ ಎಂದೆ. ಇಪ್ಪತ್ತು ವರ್ಷದ ವಕೀಲಿಯಲ್ಲಿ ಹೀಗೆ ಅಂದದ್ದು ಇದೇ ಮೊದಲು.

ಅವಳು ಪುಸ್ತಿಕೆ ಇಸಿದುಕೊಂಡಳು. ಮೊದಲು ಹೊದಿಕೆಯ ಮೇಲೆ ವರ್ಷ ನೋಡಿದಳು. ಆಮೇಲೆ ವಿಷಯಸೂಚಿ ಹುಡುಕಿ ಅದರ ಮೇಲೆ ಬೆರಳಿಟ್ಟು ಇಳಿದಳು. ಎರಡು ನಿಮಿಷ ಕೂಡ ಆಗಲಿಲ್ಲ, ನಿಂತಲ್ಲೇ ಓದಿ ಹೇಳಿದಳು. ಲಗ್ನವಾದವರೂ ಸೇರಬಹುದು, ಗಂಡನ ಒಪ್ಪಿಗೆಯ ಸಹಿ ಬೇಕು. ಓದಿ ಮುಗಿಸಿ, ಮುಂದಿನ ವರ್ಷ ಹೊಸದು ಬಂದಾಗ ಇದೂ ಬದಲಾಗಿದ್ದೀತೇ ಎಂದು ನನ್ನನ್ನೇ ಕೇಳಿದಳು. ಇವಳಿಗೆ ಇದನ್ನು ಯಾವ ಪ್ರೊಫೆಸರ್ ಕಲಿಸಿದ? ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ಮೈದುನ ಹುರಿ ಕೆಳಗಿಟ್ಟ. ಹಾಗಾದರೆ ಲಗ್ನಕ್ಕೆ ಮೊದಲೇ ಸಹಿಯ ಮಾತು ಎತ್ತೋಣ ಎಂದ. ಪುಸ್ತಿಕೆ ತೋರಿಸಿ ಕೇಳುವುದು, ಆ ಹುಡುಗ ಓದಿ ಒಪ್ಪಿದರೆ ಮುಂದಿನ ವರ್ಷ ಸೇರಿಸುವುದು. ನನಗೆ ಧೈರ್ಯ ಹೇಳುವವನಂತೆ ಇನ್ನೊಂದು ಮಾತು ಸೇರಿಸಿದ.

“ಕಾಳಜಿ ಮಾಡಬ್ಯಾಡ್ರಿ. ವರ ಅಡಾಣಿ ಅಲ್ಲ, ಕಾಲೇಜ್ ಕಲಿಯಾಕತ್ತಾನ.”

ಯಾವ ಕಾಲೇಜು ಎಂದು ಕೇಳಿದೆ. ಅದೇ ಕಾಲೇಜು.

ಬಾಳವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಸಣ್ಣ ಪುಸ್ತಿಕೆಯ ಎರಡು ಸಾಲು ಕನ್ನಡ ತಾನೇ ಓದಿ ತಿಳಿದು ಒಂದು ಸಹಿ ಹಾಕಬೇಕು, ಕಾಲೇಜು ಕಲಿತವನಿಂದ ಇಷ್ಟು ಆದೀತೇ?