ಮಾವನ ಹೆಸರಿನ ಚೌಕಟ್ಟು

ನಮ್ಮ ಕರಕೋಲ್ ಊರಿನ ತೊಕ್ತೊಸುನ್ ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ, ಬೆಳೆದದ್ದು ತಮ್ಮದೇ ಹೊಗಳಿಕೆಯಲ್ಲಿ. ಸೋವಿಯತ್ ಕಾಲದಲ್ಲಿ ಗೋದಾಮಿನ ಕಾವಲುಗಾರರಾಗಿದ್ದರು. ಈಗ ಕೇಳಿದರೆ ಗೋದಾಮಿನ ನಿರ್ದೇಶಕರು. ಬೀಗದ ಕೈ ಹೋದರೂ ಗತ್ತು ಹೋಗಲಿಲ್ಲ. ಬೆಟ್ಟ ಹತ್ತಲು ಬರುವ ವಿದೇಶಿಯರಿಗೆ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಬಿಳಿ ಕಲ್ಪಾಕ್ ಟೋಪಿ ಏರಿಸಿಕೊಂಡು ಅವರಿಗೆ ವಂಶಾವಳಿ ಒಪ್ಪಿಸುವುದೇ ಈಗಿನ ಕಸುಬು. ಪಕ್ಕದ ಮನೆಯವನಾದ ನನಗೆ ಅದು ಬಾಯಿಪಾಠವಾಗಿಬಿಟ್ಟಿದೆ.

ಕೋಣೆಗಳಿಗೊಂದು ಇಂಟರ್ನೆಟ್ ಪುಟ ಬೇಕೆಂದು ಅಣ್ಣನ ಮಗನನ್ನು ಹಿಡಿದು ಕೂರಿಸಿದರು. ಅವನು ಪುಟವನ್ನು ಚೌಕಟ್ಟುಗಳಾಗಿ ಒಡೆದ. ಎಲ್ಲಕ್ಕಿಂತ ಮೇಲಿನದರಲ್ಲಿ ಚಿಕ್ಕಪ್ಪನ ಫೋಟೊ ಹಾಕಿ, ಅದಕ್ಕೆ ‘ತೊಕ್ತೊಸುನ್’ ಎಂದೇ ಹೆಸರಿಟ್ಟು, ಅರ್ಧ ಕೆಲಸ ಬಿಟ್ಟು ಮಾಸ್ಕೋಗೆ ಹಾರಿದ. ಉಳಿದರ್ಧ ಸೊಸೆ ಬುರುಲ್ ತಲೆಗೆ ಬಂತು. ಎಡಗಡೆಯ ಚೌಕಟ್ಟಿನ ಗುಂಡಿ ಒತ್ತಿದರೆ ಮೇಲಿನದರಲ್ಲಿ ಕೋಣೆಗಳು ಕಾಣಬೇಕು. ಕಾಣಿಸುವ ಆಜ್ಞೆ ಇರುವುದು ಮೇಲಿನದರೊಳಗೆ. ಎಡಗಡೆಯದು ಅದಕ್ಕೆ ನೇರವಾಗಿ ಕೈಹಾಕುವಂತಿಲ್ಲ. ಎರಡನ್ನೂ ಹೊತ್ತ ತಾಯಿಪುಟದ ಮೂಲಕ ಮೇಲಿನದನ್ನು ಹೆಸರು ಹಿಡಿದು ಕರೆಯಬೇಕು.

ಮಾವನ ಹೆಸರನ್ನು ಸೊಸೆ ಹೇಳುವುದುಂಟೇ? ಬರೆಯುವುದಂತೂ ದೂರದ ಮಾತು. ಬುರುಲ್ ‘ಹಿರಿಯರು’ ಎಂದು ಬರೆದಳು. ಆ ಹೆಸರಿನ ಚೌಕಟ್ಟು ಪುಟದಲ್ಲಿ ಇದ್ದರೆ ತಾನೇ? ಗುಂಡಿ ಜಪ್ಪಯ್ಯ ಎಂದರೂ ಕೆಲಸ ಮಾಡಲಿಲ್ಲ.

“ಅತಾ, ಆ ಚೌಕಟ್ಟಿಗೆ ಬೇರೆ ಹೆಸರಿಡ್ಲಾ?” ಎಂದು ಮಾವನನ್ನು ಕೇಳಿದಳು, ತಲೆ ತಗ್ಗಿಸಿಕೊಂಡೇ. ನಮ್ಮಲ್ಲಿ ಅತಾ ಎಂದರೆ ಅಪ್ಪ.

“ನನ್ನ ಹೆಸರು ಕಿತ್ರೆ ಮನೆ ಕಂಬ ಕಿತ್ತ ಹಾಗೆ. ಮುಟ್ಬೇಡ. ನಾಳೆ ಸಂಜೆಯೊಳಗೆ ಆಗ್ಲಿಲ್ವೋ, ಕಂಪ್ಯೂಟರ್ ಮಾರಿ ಹೆಣ್ಣುಕುದುರೆ ತರ್ತೀನಿ. ಅದರ ಹಾಲು ಕರ್ಕೊಂಡಿರು.”

ಬುರುಲ್ ಮತ್ತೆ ಕಂಪ್ಯೂಟರ್ ಮುಂದೆ ಹೋಗಿ ಕೂತಳು. ಆ ಮನೆಯಲ್ಲಿ ಅವಳದೇ ಎನ್ನಬಹುದಾದ ಕೆಲಸ ಅದೊಂದೇ. ಬೇಲಿಯಾಚೆಯಿಂದ ಕೇಳಿಸಿಕೊಂಡ ನನಗೆ ಮೈಯೆಲ್ಲ ಉರಿಯಿತು. ಹೆಸರು ಕಿತ್ತರೆ ಬೀಳುವ ಮನೆ ಬಿದ್ದರೇನು?

ಮರುದಿನ ಸಂಜೆ ನನ್ನನ್ನೂ ಚಹಾಕ್ಕೆ ಕರೆದರು. ಬುರುಲ್ ಗುಂಡಿ ಒತ್ತಿದಳು. ಮಾವನ ಫೋಟೊ ಕೆಳಗೆ ಕೋಣೆಗಳು ಒಂದೊಂದಾಗಿ ಬಂದವು. ತೊಕ್ತೊಸುನ್ ತಾವೇ ಮಾಡಿದಂತೆ ಬೀಗಿದರು.

“ನೋಡಿದ್ಯಾ, ಕೊನೆಗೂ ನನ್ನ ಹೆಸರು ಬರೆದ್ಲು,” ಎಂದು ನನ್ನ ಕಡೆ ತಿರುಗಿದರು.

“ಇಲ್ಲ ಅತಾ,” ಎಂದಳು ಬುರುಲ್, ಚಹಾ ಬಗ್ಗಿಸುತ್ತ. “ಹೆಸರಿಲ್ದೆ ಸಂಖ್ಯೆ ಹಿಡಿದೂ ಕರೀಬಹುದು. ಪುಟ ಚೌಕಟ್ಟುಗಳನ್ನ ಸಾಲಾಗಿ ಎಣಿಸುತ್ತೆ.”

“ಸಾಲಲ್ಲಿ ನಾನೇ ಮೊದಲು ತಾನೇ?”

“ನೀವೇ ಮೊದಲು.”

“ಹಾಗಾದ್ರೆ ನಾನು ಒಂದು.”

“ಅಲ್ಲ ಅತಾ. ಅದರ ಎಣಿಕೆ ಸೊನ್ನೆಯಿಂದ ಶುರು. ನೀವು ಸೊನ್ನೆ.”

ಬೋರ್ಸೋಕ್ ರೊಟ್ಟಿಯ ತುಂಡು ತೊಕ್ತೊಸುನ್ ಬಾಯಲ್ಲೇ ಉಳಿಯಿತು. ಮದುವೆಯಾದಾಗಿನಿಂದ ಗಂಡನ ಹೆಸರು ನಾಲಿಗೆಗೆ ತರದ ಅವರ ಹೆಂಡತಿ, ಒಲೆಯ ಬಳಿಯಿಂದ ಎದ್ದು ಬಂದು ಸೊಸೆಯ ಕೈಯಿಂದ ಚಹಾದ ಕೆಟಲು ತಾವೇ ತೆಗೆದುಕೊಂಡರು.

“ಕಂಪ್ಯೂಟರ್ ಎಲ್ಲಿಗೂ ಹೋಗಲ್ಲ ಮಗಳೇ, ನೀನು ಕೂತ್ಕೋ,” ಎಂದರು. “ಇವರ ಸಂಖ್ಯೆ ನಂಗೆ ಯಾವತ್ತೋ ಗೊತ್ತಿತ್ತು. ಬಾಯಿಬಿಟ್ಟು ಹೇಳೋ ಹಾಗಿರ್ಲಿಲ್ಲ, ಅಷ್ಟೆ.”